ಮುಳುಗುವ ಮರ

ಈ ಮರ ತೇಲುವುದಿಲ್ಲ, ಕ್ವೇಸಿ. ಮೊದಲು ಅದು ಗೊತ್ತಿರಲಿ.
ಎಸೆಕ್ವಿಬೊ ಹೊಳೆಗೆ ಉರುಳಿಸಿದರೆ
ಗುಂಡುಕಲ್ಲಿನಂತೆ ತಳ ಸೇರುತ್ತದೆ.
ಅದಕ್ಕೇ ಬ್ಯಾಸಿಲ್ ಲಾ ರೋಸ್
ದೋಣಿಯ ಎರಡೂ ಪಕ್ಕೆಗೆ ದಿಮ್ಮಿ ಬಿಗಿದು ತರುತ್ತಾನೆ,
ಎರಡು ಕಂಕುಳಲ್ಲೂ ಕೂಸು ಇರುಕಿಕೊಂಡವಳಂತೆ,
ಇಳಿತದ ನೀರು ನಡೆಸಿದಷ್ಟೇ ನಡೆದು.

ಹೆಸರೇ ಗ್ರೀನ್‌ಹಾರ್ಟ್, ಹಸಿರೆದೆ.
ಕೊಯ್ದ ದಿನ ಪಾಚಿಯ ಬಣ್ಣ;
ಆಮೇಲೆ ಬಿಸಿಲು ಕುಡಿದು ಕುಡಿದು
ನನ್ನ ಮೊಣಕೈಯ ಬಣ್ಣ.

ಕೊಯ್ಯುವಾಗ ಎದುರು ನಿಲ್ಲಬೇಡ.
ಅಷ್ಟು ವರ್ಷ ಒಳಗೇ ಹಿಡಿದಿಟ್ಟ ಬಿಗಿ
ಗರಗಸ ಅರ್ಧ ದಾರಿ ದಾಟಿದಾಗ
ಹೇಳದೆ ಕೇಳದೆ ಸಿಡಿಯುತ್ತದೆ.
ಹಲ್ಲಿನ ಬೆನ್ನಿಗೇ ಸರಪಳಿ ಸುತ್ತುತ್ತಾ ಬರಬೇಕು.
ಹೆಕ್ಟರ್ ಅಡೋನಿಸ್ ಕುಂಟುವುದು ನೋಡಿದ್ದೀಯಲ್ಲ,
ಸರಪಳಿ ಆಮೇಲೆ ಹಾಕೋಣ ಅಂದ ಒಂದು ಶುಕ್ರವಾರದ್ದು ಅದು.
ಸಿಬಿರು ಹೊಕ್ಕರೆ ಆಗಲೇ ಕಿತ್ತುಬಿಡು.
ಊಟ ಮುಗಿಸಿ ನೋಡೋಣ ಅಂದೆಯೋ,
ಬೆರಳು ಬದನೆಕಾಯಿ.

ತೊಗಟೆ ಸುಲಿ. ಹೊರಗಿನ ಬಿಳಿಮರ ಬಾಚಿಯಲ್ಲಿ ಕೆತ್ತಿ ಬಿಸಾಕು,
ಹುಳಕ್ಕೆ ಅದು ಹಬ್ಬದೂಟ.
ಚೇಗು ಕಂಡಮೇಲೆ ಕೈ ನಿಲ್ಲಿಸು.
ಟಾರು ಬೇಡ, ಎಣ್ಣೆ ಬೇಡ, ಬಣ್ಣ ಬೇಡ.
ಔಷಧಿ ಬಳಿಯಲು ಬಂದ ಪಟ್ಟಣದ ಹುಡುಗನಿಗೆ ಹೆಕ್ಟರ್ ಹೇಳಿದ:
ಇದು ಹುಟ್ಟುತ್ತಲೇ ಕಹಿ ಕುಡಿದುಕೊಂಡು ಬಂದಿದೆ ಮಾರಾಯ,
ನಿನ್ನ ಡಬ್ಬಿ ನಿನ್ನ ಹತ್ತಿರವೇ ಇರಲಿ.

ನಮ್ಮ ನೆಲ ಕಡಲಿಗಿಂತ ತಗ್ಗು.
ಉಬ್ಬರದ ಹೊತ್ತು ಏರಿಯಾಚೆ ಮೀನು ಈಜುವುದು
ಜುಬ್ರಾಜ್ ಅಂಗಡಿಯ ಉಪ್ಪಿನ ಡಬ್ಬಿಯ ಎತ್ತರದಲ್ಲಿ.
ನಡುವೆ ಇರುವುದು ಒಂದು ತೂಬು, ತೂಬಿಗೊಂದು ಬಾಗಿಲು,
ಬಾಗಿಲಿಗೆ ಇಯೂಲಲಿ ಇನ್ನಿಸ್.
ದಿನಕ್ಕೆರಡು ಸಲ ಎತ್ತುತ್ತಾಳೆ, ಎರಡು ಸಲ ಇಳಿಸುತ್ತಾಳೆ,
ಮದುವೆಯ ದಿನವೂ
ಹೂಗುಚ್ಛ ಪಾದ್ರಿಯ ಕೈಗೆ ಕೊಟ್ಟು ಬಂದು ರಾಟೆ ತಿರುಗಿಸಿದವಳು.

ಮೊನ್ನೆ ಹಳೆಯ ಗೂಟ ಕಿತ್ತೆವಲ್ಲ,
ಕೆಸರಲ್ಲಿ ಹೂತಿದ್ದ ಬುಡ ತೊಳೆದಾಗ
ಬಾಚಿಯ ಗುರುತು ಮೀನಿನ ಹುರುಪೆಯ ಹಾಗೆ
ಒಂದೂ ಮಾಸಿರಲಿಲ್ಲ.
ತುದಿ ಬರೀ ಬೂದಿಬಣ್ಣಕ್ಕೆ ತಿರುಗಿತ್ತು.
ಸೊರಗಿದ್ದು ನಡುವೆ ಮಾತ್ರ,
ಒಮ್ಮೆ ನೆನೆದು ಒಮ್ಮೆ ಒಣಗುವ ಆ ಎರಡು ಮೊಳ.
ಅಲ್ಲಿ ಸೊಂಟ ಬಂದುಬಿಟ್ಟಿತ್ತು.
ನೀನು ಕೈಯಾಡಿಸಿ ನಕ್ಕೆ. ನಾನು ನಗಲಿಲ್ಲ;
ಯಾಕೋ ಗೊತ್ತಿಲ್ಲ.

ಇಲಾಖೆಯ ಕಾಗದದಲ್ಲಿ ಒಂದು ಚೌಕ: ಬಾಳಿಕೆ, ವರ್ಷಗಳಲ್ಲಿ.
ಗೂಟ ನೆಟ್ಟವರು ಯಾರೂ ಉಳಿದಿಲ್ಲ.
ಇಯೂಲಲಿಯನ್ನು ಕೇಳಿದೆ.
‘ಅಮ್ಮ ಆಗ ನನ್ನನ್ನು ಹೊತ್ತಿದ್ದಳಂತೆ,
ಬಡಿಯುವ ಸದ್ದಿಗೆ ಒಳಗಿಂದ ಒದೆಯುತ್ತಿದ್ದೆನಂತೆ.’
ಅವಳಿಗೀಗ ಎಂಬತ್ತೊಂದು. ಹಾಗೇ ಬರೆದೆ.
ಪಕ್ಕದ ಚೌಕ ಖಾಲಿ ಬಿಟ್ಟೆ. ಅದರಲ್ಲಿ ಕೇಳಿದ್ದು ಬೆಲೆ.

ಬ್ಯಾಸಿಲ್ ಹೇಳುತ್ತಾನೆ, ಈ ದಪ್ಪದ ಮರ
ಹೊಳೆಯ ದಡದಲ್ಲಿ ಈಗ ಸಿಗುವುದಿಲ್ಲ,
ಎರಡು ದಿನ ಒಳಗೆ ಹೋಗಬೇಕು, ಮುಂದಿನ ಸಲ ಮೂರು.
ಬೀಳಿಸುವ ಮುನ್ನ ಒಂದು ಸಿಗರೇಟು ಮುಗಿಯುವಷ್ಟು ಹೊತ್ತು
ಬುಡದಲ್ಲಿ ಸುಮ್ಮನೆ ಕೂರುತ್ತಾನೆ.
ಪ್ರಾರ್ಥನೆಯಾ ಎಂದರೆ
‘ಅಲ್ಲ, ಎಣಿಕೆ’ ಅನ್ನುತ್ತಾನೆ.

ಹಳೆಯದನ್ನು ಹಾಗಾಗಿ ಬಿಸಾಕುವುದಿಲ್ಲ.
ಸೊಂಟ ಕತ್ತರಿಸಿ ಬದಿಗಿಟ್ಟು
ಬುಡ, ತುದಿ ಎರಡನ್ನೂ ಕಾಲುವೆಗೆ ಅಡ್ಡ ಹಾಸೋಣ,
ಶಾಲೆಯ ಮಕ್ಕಳು ದಾಟಲಿ.
ನಿನ್ನೆ ಬುಡಕ್ಕೆ ಗರಗಸ ಇಟ್ಟಾಗ
ಉದುರಿದ ಪುಡಿ ನೋಡಿದೆಯಾ?
ಇನ್ನೂ ಹಸಿರು.

ಹಾಂ, ಅಲ್ಲಿ ಇಯೂಲಲಿ ಕೈ ಬೀಸುತ್ತಿದ್ದಾಳೆ, ನೀರು ತಿರುಗಿತು.
ಹೊಸ ಗೂಟ ನಿಲ್ಲಿಸಲು ಇರುವುದು ಇನ್ನು ಅರ್ಧ ಗಂಟೆ.
ಮಾತು ಸಾಕು.
ಸರಪಳಿ ಎಲ್ಲಿ?