ಒಂದು ಗೇಣು ಉಣ್ಣೆ

ಬುಧವಾರ ಸಂಜೆ ಆರೂವರೆಗೆ
ಮಾಜಿ ಸೈನಿಕರ ಹಾಲಿನ ಹಿಂಬಾಗಿಲ ಬೀಗ ತೆಗೆಯುವವನು ನಾನು.
ಹಗಲು ಗೋಧಿ ಕಣಜದಲ್ಲಿ ಲಾರಿ ತೂಗುತ್ತೇನೆ,
ರಾತ್ರಿ ಹದಿನಾಲ್ಕು ಕೆಡೆಟ್‌ಗಳಿಗೆ
ಮೋಡಗಳ ಹೆಸರು ಹೇಳಿಕೊಡುತ್ತೇನೆ.
ಹಾರಿದವನಲ್ಲ.
ಕೆಂಪು ಯಾವುದು ಹಸಿರು ಯಾವುದು ಅರಿಯದ ಕಣ್ಣು ನನ್ನದು.
ಹದಿನೇಳರಲ್ಲಿ ಡಾಕ್ಟರು ಚುಕ್ಕಿಗಳ ಪುಸ್ತಕ ಬಿಚ್ಚಿ
'ಯಾವ ಅಂಕಿ ಕಾಣುತ್ತೆ?' ಎಂದಾಗ
ಇಲ್ಲದ ಅಂಕಿಯೊಂದನ್ನು ಧೈರ್ಯವಾಗಿ ಹೇಳಿದ್ದೆ.

ಹೊರಗೆ ಮೈನಸ್ ಮೂವತ್ತೊಂದು.
ಸಸ್ಕಾಚವಾನಿನ ಈ ಬಯಲಲ್ಲಿ
ಗುಡ್ಡ ಎಂಬ ಪದಕ್ಕೆ ಕೆಲಸವಿಲ್ಲ.
ಒಳಗೆ ಪಾಲಿಶ್ ವಾಸನೆ, ಒದ್ದೆ ಹತ್ತಿ,
ಬೂಟಿನ ಮೂತಿಯ ಮೇಲೆ ಸಣ್ಣ ಸಣ್ಣ ಸುತ್ತು,
ಮುಖ ಕಾಣುವ ತನಕ ಉಜ್ಜಬೇಕು.
ಕಂಡ ಮುಖ ಯಾರಿಗೂ ಹಿಡಿಸುವುದಿಲ್ಲ;
ವಯಸ್ಸೇ ಹಾಗೆ.

ಈ ಸಲ ಇಬ್ಬರು ಅರ್ಜಿ ಹಾಕಿದರು.
ಗ್ಲೈಡರ್ ವಿದ್ಯಾರ್ಥಿವೇತನ: ಬೇಸಿಗೆಯ ಆರು ವಾರ,
ಊಟ ವಸತಿ ಅವರದೇ,
ಪಾಸಾದರೆ ಎದೆಯ ಮೇಲೆ ದಾರದ ರೆಕ್ಕೆ.
ಲಾರಿ ಓಡಿಸುವವನ ಮಗ ಆರ್ಲೆನ್ ದೆಜಾರ್ಲೆ,
ಜೇನುಪೆಟ್ಟಿಗೆ ಇಟ್ಟವರ ಮಗಳು ಡಾರ್ಕಾ ಹೋಲೊವಾಟಿ.
ಚಳಿಗಾಲವಿಡೀ ನನ್ನ ಹಲಗೆಯ ಮುಂದೆ
ಒಂದೇ ಪೆನ್ಸಿಲ್ ಮುರಿದು ಹಂಚಿಕೊಂಡು
ಗಾಳಿಯ ಒತ್ತಡ, ರೆಕ್ಕೆಯ ಬಾಗು, ಇಬ್ಬನಿ ಬಿಂದು,
ಬಾಯಿಪಾಠ.

ಸಂದರ್ಶನದಲ್ಲಿ ಮೂವರು ಕೂತಿದ್ದರಂತೆ.
'ಯಾಕೆ ಹಾರಬೇಕು?'
ಆರ್ಲೆನ್ ಅಂದ: ಅಪ್ಪನ ಲಾರಿ ಹೋಗುವ ದಾರಿ
ಎಲ್ಲಿ ಮುಗಿಯುತ್ತೆ, ಒಮ್ಮೆ ಮೇಲಿಂದ ನೋಡಬೇಕು.
ಡಾರ್ಕಾ ಅಂದಳು: ಗೊತ್ತಿಲ್ಲ ಸರ್,
ಹಾರಿದ ಮೇಲೆ ಹೇಳ್ತೇನೆ.
ಮೂರೂ ಪೆನ್ನು ಒಟ್ಟಿಗೆ ಓಡಿದವಂತೆ.
ಅದು ಒಳ್ಳೆಯ ಸದ್ದೋ ಕೆಟ್ಟದ್ದೋ,
ಅವಳು ನನ್ನನ್ನು ಕೇಳಿದಳು.
ನನಗೇನು ಗೊತ್ತು.

ಏಪ್ರಿಲ್‌ನಲ್ಲಿ ಎರಡು ಲಕೋಟೆ. ಒಂದು ದಪ್ಪ.
ಆರ್ಲೆನ್ ತನ್ನದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು
ಕಳ್ಳನ ಹಾಗೆ ಓಡಾಡಿದ.
ಡಾರ್ಕಾ ಸುಕ್ಕೇ ಇಲ್ಲದ ಅಂಗಿಗೆ
ಇನ್ನೊಮ್ಮೆ ಇಸ್ತ್ರಿ ಹಾಕಿದಳು,
ಮತ್ತೂ ಒಮ್ಮೆ.
ನಾನು ಹೀಟರಿನ ತಿರುಪನ್ನು
ಬಿಗಿಯುವಂತೆ ನಟಿಸಿದೆ.

ಮೇ ತಿಂಗಳ ಶನಿವಾರ, ಹುಲ್ಲಿನ ಓಟದಾರಿ,
ಎಲ್ಲರಿಗೂ ಒಂದೊಂದು ಸುತ್ತು.
ಹಳೆಯ ಗ್ಲೈಡರ್, ವರ್ಷಗಟ್ಟಲೆ ಕೇಕ್ ಮಾರಿ,
ಕೋ-ಆಪ್ ಅಂಗಡಿ ಮುಂದೆ ಡಬ್ಬಿ ಕುಲುಕಿ
ಬಾಡಿಗೆ ಕಟ್ಟಿದ ಗ್ಲೈಡರ್.
ಅದರ ಮೂತಿಯ ಗಾಜಿಗೆ ಅಂಟಿಸಿದ್ದ ಎಳೆ
ಚಳಿಗಾಲದಲ್ಲಿ ಉದುರಿಹೋಗಿತ್ತು.
ಡಾರ್ಕಾ ಜೇಬಿನಿಂದ ಅಜ್ಜಿ ಹೆಣೆದ ಕೈಗವಸು ತೆಗೆದು
ಹಲ್ಲಲ್ಲಿ ಕಚ್ಚಿ
ಒಂದು ಗೇಣು ಉಣ್ಣೆ ಎಳೆದಳು.
ಕೆಂಪಂತೆ.
ಎಷ್ಟು ಸಾವಿರದ ಯಂತ್ರವಾದರೇನು,
ಓರೆಯಾಗಿ ಜಾರುತ್ತಿದ್ದೀಯ ಎಂದು
ಮೊದಲು ಹೇಳುವುದು ಈ ಎಳೆಯೇ.
ನೆಟ್ಟಗಿದ್ದರೆ ಗಾಳಿಗೂ ನಿನಗೂ ಜಗಳವಿಲ್ಲ.

ಆರ್ಲೆನ್ ಕೂತಾಗ ರೆಕ್ಕೆಯ ತುದಿ ಹಿಡಿದು ಓಡಿದವಳು ಅವಳು.
ಹಗ್ಗ ಬಿಗಿಯಿತು. ಹತ್ತು ಹೆಜ್ಜೆ, ಹನ್ನೊಂದು,
ಆಮೇಲೆ ರೆಕ್ಕೆಗೆ ಕೈ ಬೇಕಾಗಲಿಲ್ಲ.
ಅವಳು ನಿಂತಳು. ಕೈ ಮಾತ್ರ
ಭುಜದ ಎತ್ತರಕ್ಕೇ ಇತ್ತು ಇನ್ನೂ.

ಮೂರನೆಯ ಸುತ್ತು ಅವಳದು.
ಇಳಿದು ಬಂದಾಗ ಕೇಳಿದೆ: ಈಗ ಹೇಳು, ಯಾಕೆ?
ಬಾಯ್ತುಂಬ ಸ್ಯಾಂಡ್‌ವಿಚ್. ತಲೆಯಲ್ಲಾಡಿಸಿದಳು.
ಆಕಾಶದ ಕಡೆಗೂ ನೋಡಲಿಲ್ಲ,
ಗಾಳಿಚೀಲ ನೋಡುತ್ತಿದ್ದಳು.

ಕೊನೆಯ ಸುತ್ತಿನ ಹುಡುಗ ಹೊಟ್ಟೆ ಹಿಡಿದು ಕೂತುಬಿಟ್ಟ.
ಹಗ್ಗ ಸಿದ್ಧ, ಪೈಲಟ್ ಸಿದ್ಧ,
ಮುಂದಿನ ಸೀಟು ಖಾಲಿ.
'ಬನ್ನಿ ಸರ್' ಎಂದವಳೇ ನನ್ನ ಬೆಲ್ಟು ಬಿಗಿದಳು,
ಲಾರಿಯ ಹೊರೆಗೆ ಹುರಿ ಬಿಗಿಯುವ ಹಾಗೆ.
ಪಕ್ಕದಲ್ಲಿ ಅವಳ ಬೂಟಿನ ಸದ್ದು,
ಸ್ವಲ್ಪ ದೂರ.

ಎರಡು ಸಾವಿರ ಅಡಿಯಲ್ಲಿ ಹಗ್ಗ ಕಳಚಿತು.
ಉತ್ತ ಹೊಲ ಕೆಳಗೆ ಸುಮ್ಮನೆ ಬಿಸಿ ಉಸಿರು ಬಿಡುತ್ತಿತ್ತು,
ನಾನು ಹಲಗೆಯ ಮೇಲೆ ಬರೆದ ಹಾಗೆಯೇ.
ಗಾಜಿನ ಮೇಲೆ ಆ ಎಳೆ.
ಬಣ್ಣ ಕೇಳಬೇಡಿ.
ನೆಟ್ಟಗಿತ್ತು.