ಎಡ ರೆಕ್ಕೆ, ಏಳನೆಯ ಗರಿ

ತೂತು ಮುಚ್ಚಿದವನು ನಾನೇ.
ಹನ್ನೊಂದನೆಯ ಮಹಡಿ, ಹಗ್ಗದ ತೊಟ್ಟಿಲು,
ಬಿಳಿ ಥರ್ಮೋಕೋಲಿನ ಹಲಗೆ, ಬೆನ್ನಿಗೆ ಅಂಟು.
ಪೊಜ್ನಾನಿನ ಹಳೇ ಕಾಂಕ್ರೀಟು ಗೋಡೆಗಳಿಗೆ
ಸ್ವೆಟರು ತೊಡಿಸುವ ಕೆಲಸ.
ಚದರ ಮೀಟರಿಗೆ ಇಷ್ಟು ಅಂತ ಕೂಲಿ.

ಮಧ್ಯಾಹ್ನ ಬ್ರೆಡ್ಡು ತಿನ್ನುವಾಗ
ಹಲಗೆಯ ಹಿಂದಿನಿಂದ ಸದ್ದು,
ಬೆಂಕಿಪೊಟ್ಟಣದೊಳಗೆ ಯಾರೋ ಬೆರಳಾಡಿಸಿದ ಹಾಗೆ.
ಮೇಸ್ತ್ರಿ ವಿಟೋಲ್ಡ್ ಅಂದ: ಗಾಳಿ ಕಣೋ ಒಸ್ತಾಪ್, ತಿನ್ನು.
ಗಾಳಿಗೆ ಹಸಿವಾಗುವುದಿಲ್ಲ, ಅಷ್ಟು ಗೊತ್ತಿತ್ತು.
ಆದರೂ ತಿಂದೆ,
ಕೊನೆಯ ತುಣುಕಿನ ತನಕ.

ಸಂಜೆ ಎಲ್ಲರೂ ಇಳಿದ ಮೇಲೆ ಚಾಕು ಹಾಕಿದೆ.
ಎರಡು ಮರಿ.
ರೆಕ್ಕೆ ಪೂರ್ತಿ ಬಂದಿತ್ತು ಎರಡಕ್ಕೂ.
ಒಂದು ತಣ್ಣಗಿತ್ತು.
ಇನ್ನೊಂದು ನನ್ನ ಅಂಗಿಗೆ ಉಗುರು ನೆಟ್ಟು
ಬಿಡಲೇ ಇಲ್ಲ, ಮೂರನೆಯ ಮಹಡಿಯ ತನಕ.

ಅಲ್ಲಿ ಯಾದ್ವಿಗಾ. ನಲವತ್ತು ವರ್ಷ
ಊರಿನ ಬೊಚ್ಚು ಬಾಯಿಗಳಿಗೆಲ್ಲ ಹಲ್ಲು ಕಟ್ಟಿದ ಕೈ.
ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಿತ್ತು.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಂದಳು:
ಎರಡನ್ನೂ ಕೊಡು.
ಸತ್ತದ್ದು ಯಾಕೆ?
ಅದಕ್ಕೂ ಕೆಲಸವಿದೆ.

ದವಡೆಹಲ್ಲುಗಳಿದ್ದ ಮರದ ಖಾನೆಗಳಲ್ಲಿ ಈಗ
ಗರಿಯ ಲಕೋಟೆಗಳು. ಪೆನ್ಸಿಲ್ಲಿನಲ್ಲಿ ಬರೆದಿದೆ:
ಬಲ ಹತ್ತು. ಎಡ ಏಳು.

ಇಲ್ಲಿ ಇದನ್ನು ಯೆಝಿಕ್ ಅನ್ನುತ್ತಾರೆ, ನಮ್ಮಲ್ಲಿ ಸ್ತ್ರಿಝ್.
ಗಂಟೆಗೊಮ್ಮೆ ಚಿಮ್ಮಟದಲ್ಲಿ ಮಿಡತೆ ಹಿಡಿದು
ಕೊಕ್ಕಿನ ಬದಿಯಿಂದ, ತುದಿಯಿಂದಲ್ಲ, ಬದಿಯಿಂದ.
ಕೆಲಸ ಮುಗಿಸಿ ಬಂದು ರಾತ್ರಿಯ ಪಾಳಿ ನಾನು ಮಾಡಿದೆ.
ತಕ್ಕಡಿಯಲ್ಲಿ ಮೂವತ್ತೊಂದು ಗ್ರಾಂ, ಮೂವತ್ನಾಲ್ಕು,
ಒಂದು ದಿನ ಮತ್ತೆ ಮೂವತ್ಮೂರು, ಆ ದಿನ ನಾನು ಉಣ್ಣಲಿಲ್ಲ.
ಆಮೇಲೆ ಡಬ್ಬಿಯೊಳಗೆ ರೆಕ್ಕೆಯೂರಿ
ಗರಡಿಯ ಹುಡುಗನಂತೆ ದಂಡ ಹೊಡೆಯತೊಡಗಿತು.
ನಾನು ಬಹುಮಹಡಿಯ ಮೇಲೆ ನೇತಾಡುತ್ತಿದ್ದ ಒಂದು ಬೆಳಿಗ್ಗೆ
ಅವಳೇ ಹಾರಿಬಿಟ್ಟಳು. ಹೇಳಿ ಕಳಿಸಲಿಲ್ಲ.

ಜುಲೈ ಕೊನೆಗೆ ಇನ್ನೊಂದು ಬಂತು.
ಯಾರೋ ಪುಣ್ಯಾತ್ಮ ಸಾಕೋಣವೆಂದು
ಎಡ ರೆಕ್ಕೆಯನ್ನು ಕತ್ತರಿಯಲ್ಲಿ ಸಮ ಮಾಡಿದ್ದ.
ಹಿಡಿ, ಅಂದಳು ಯಾದ್ವಿಗಾ.
ಹಿಡಿದೆ.
ಮೊಂಡು ಗರಿಬುಡದೊಳಗೆ ಸೂಜಿಯಂಥ ಕಡ್ಡಿ,
ಕಡ್ಡಿಗೆ ಒಂದು ಹನಿ ಅಂಟು,
ಅದರ ಮೇಲೆ ಲಕೋಟೆಯ ಗರಿ.
ಲಕೋಟೆಯ ಮೇಲಿನ ತಾರೀಖು ನೋಡಿದೆ.
ಅವಳೂ ನಾನು ನೋಡಿದ್ದು ನೋಡಿದಳು.
ಅಂಟು ನಿನ್ನ ಕಸುಬೂ ಅಲ್ಲವೇ, ಅಂದಳು,
ಎಷ್ಟು ಹೊತ್ತು ಅಲ್ಲಾಡಿಸಬಾರದು, ನೀನೇ ಹೇಳು.

ಸ್ಮಶಾನದಾಚೆಯ ಬಯಲು. ಕೈ ಎತ್ತಿ ಅಂಗೈ ಬಿಚ್ಚಿದೆ.
ಬೆರಳ ಗೆರೆಗಳಲ್ಲಿ ಒಣಗಿದ ಸಿಮೆಂಟು.
ಹಕ್ಕಿ ನಡುಗಿತು. ಹೆದರಿಕೆಯಲ್ಲ, ಅಂದಳು,
ಎಂಜಿನ್ನು ಕಾಯಿಸಿಕೊಳ್ಳುತ್ತಿದೆ.
ಬಿತ್ತು. ನನ್ನ ಮೊಣಕಾಲಿನ ಮಟ್ಟಕ್ಕೆ
ಹುಲ್ಲಿನ ತುದಿಯ ಮಟ್ಟಕ್ಕೆ
ಅಲ್ಲಿಂದ ಎಲ್ಲಿಗೆ ಹೋಯಿತೋ, ನನ್ನ ಕಣ್ಣಲ್ಲಿ ಬಿಸಿಲು.
ಯಾದ್ವಿಗಾ ಒಬ್ಬಳೇ ಕತ್ತೆತ್ತಿ ತಿರುಗುತ್ತಿದ್ದಳು
ನಿಧಾನಕ್ಕೆ, ಗಡಿಯಾರದ ಮುಳ್ಳಿನ ಹಾಗೆ.

ಈಗ ಬೇರೆ ಬೀದಿ, ಬೇರೆ ಕಟ್ಟಡ.
ಸೂರಿನ ಕೆಳಗೆ ತೂತು ಬಂದಲ್ಲೆಲ್ಲ
ಹಲಗೆಯನ್ನು ಕೊರೆದು ಕೂರಿಸುತ್ತೇನೆ.
ವಾರದ ಕೊನೆಗೆ ವಿಟೋಲ್ಡ್ ಟೇಪು ಹಿಡಿದು ಅಳೆಯುತ್ತಾನೆ,
ಕೂಡುತ್ತಾನೆ, ಅಳಿಸುತ್ತಾನೆ, ಮತ್ತೆ ಕೂಡುತ್ತಾನೆ:
ಪ್ರತಿ ಗೋಡೆಗೂ ಅಂಗೈಯಷ್ಟು
ಲೆಕ್ಕಕ್ಕೆ ಕಡಿಮೆ ಬರುತ್ತದೆ.