ತಾರ್ಖುನಾ ಸೀಸೆ

ಇವತ್ತೂ ಊಟದ ಮೇಜಿಗೆ ಉಚಾ ಅದೇ ಕಥೆ ತಂದ.
ಹತ್ತೊಂಬತ್ತು ತುಂಬಿದೆ, ಮೀಸೆ ಬಂದಿದೆ,
ಗೆಳೆಯರೆದುರು ಅಜ್ಜಿಯನ್ನು ಹಂಗಿಸುವ ಸಲಿಗೆಯೂ ಬಂದಿದೆ.
"ಐದು ವರ್ಷದವನು ನಾನು. ಬಾಯಾರಿತ್ತು.
ಒಂದು ಗುಟುಕು ಷರಬತ್ತಿಗೆ ಈ ತ್ಸಿಯುರಿ ಅಜ್ಜಿ
ಕೆನ್ನೆ ಊದುವ ಹಾಗೆ ಬಾರಿಸಿದಳು.
ಇಡೀ ಜುಗ್ದಿದಿಯಲ್ಲಿ ಇಂಥ ಜಿಪುಣಿ ಇಲ್ಲ!"
ಎಲ್ಲರೂ ನಕ್ಕರು. ನಾನೂ ನಕ್ಕೆ,
ಅವನ ಬಿಸಿ ಗಂಜಿಯಲ್ಲಿ ಇನ್ನೊಂದು ತುಂಡು ಚೀಸು ಹುದುಗಿಸಿದೆ.

ಆ ವರ್ಷ ನಾತದ ತಿಗಣೆ ಬಂದಿತ್ತು.
ಹೇಝಲ್ ಕಾಯಿ ಒಡೆದರೆ ತಿರುಳಿಲ್ಲ, ಕಹಿ ಸುಕ್ಕು.
ಪರದೆಯ ಮಡಿಕೆಯಲ್ಲಿ, ಬೂಟಿನೊಳಗೆ,
ಪ್ರಾರ್ಥನೆ ಪುಸ್ತಕದ ಬೆನ್ನಿನಲ್ಲಿ ಕೂಡ
ಕಂದು ಗುರಾಣಿ ಹೊತ್ತು ಕೂತಿರುತ್ತಿದ್ದವು.
ಜುಂಬೆರ್ ಸಂತೆಯಿಂದ ಔಷಧಿ ತಂದ.
ಹೌದು, ಔಷಧಿ ಅಂತಲೇ ಅನ್ನುತ್ತಿದ್ದೆವು;
ಕೆಮ್ಮಿಗೂ ಅದೇ ಮಾತು, ಕೊಲ್ಲುವುದಕ್ಕೂ ಅದೇ ಮಾತು.

ದುಬಾರಿಯಾದ್ದರಿಂದ ಪಕ್ಕದ ಗೋಚಾ ಜೊತೆ ಪಾಲು.
ಡಬ್ಬಿ ಅವನ ಪಾಲಿಗೆ,
ಡಬ್ಬಿಯ ಮೇಲಿನ ತಲೆಬುರುಡೆಯೂ ಅವನ ಪಾಲಿಗೆ.
ನಮ್ಮರ್ಧ ಬಂದದ್ದು ಖಾಲಿ ಷರಬತ್ತಿನ ಸೀಸೆಯಲ್ಲಿ:
ಹಸಿರು ಗಾಜು, ಮೈಮೇಲೆ ತಾರ್ಖುನಾ ಎಲೆಯ ಚಿತ್ರ,
ವಿನಿಗರಿನ ಪಕ್ಕ, ಉಪ್ಪಿನ ಪಕ್ಕ,
ಜಗಲಿಯ ಕೆಳಗಿನ ಹಲಗೆಯ ಮೇಲೆ.
"ನಾಳೆ ಹೊಡೆದು ಮುಗಿಸ್ತೀನಲ್ಲ" ಅಂದ.
ನಾಳೆ ಗಾಳಿ ಬೀಸಿತು.
ನಾಡಿದ್ದು ಮಳೆ.

ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ.
ಮುಚ್ಚಳ ತಿರುಗಿದ ಸದ್ದು.
ಕೈ ನನಗಿಂತ ಮೊದಲು ಎದ್ದಿತು.
ಸೀಸೆ ಚೂರಾಯಿತು. ಮಳೆಗೆ ನೆನೆದ ಹಲಗೆಗೆ ತಾಗಿದ್ದೇ
ಅದು ಹಾಲಿನಂತೆ ಬೆಳ್ಳಗಾಗಿ ಹರಡಿತು,
ನೋಡಲು ಎಷ್ಟು ಚಂದವಿತ್ತೆಂದರೆ, ಈಗಲೂ ಹಾಲು ಉಕ್ಕಿದರೆ ಮುಖ ತಿರುಗಿಸುತ್ತೇನೆ.
ಮಗುವಿನ ತುಟಿ ಮೂಸಿದೆ. ನಾಲಿಗೆ ಚಾಚಿಸಿ ಮೂಸಿದೆ.
ಅಂಗಿ ಕಿತ್ತೆಸೆದು ಸೋಪು ಹಚ್ಚಿ ತಿಕ್ಕಿದೆ, ಮತ್ತೆ ತಿಕ್ಕಿದೆ.
ಅವನು ಅಳುತ್ತಲೇ ಇದ್ದ. ಅಳಲಿ, ಅಳಲಿ,
ಅಳುವವನು ಉಸಿರಾಡುತ್ತಾನೆ.

ಫೋನಿನಲ್ಲಿ ಡಾಕ್ಟರಮ್ಮ ಕೇಳಿದಳು:
"ಯಾವ ವಿಷ? ಮೇಲೇನು ಬರೆದಿದೆ, ಓದಿ."
ಗಾಜಿನ ಚೂರು ಎತ್ತಿ ಹಿಡಿದು ಓದಿದೆ:
"ತಾರ್ಖುನಾ. ತಣ್ಣಗೆ ಕುಡಿಯಿರಿ."

ಗೋಚಾ ಬೇಲಿ ಹಾರಿ ಡಬ್ಬಿ ತರುವಷ್ಟರಲ್ಲಿ
ನಾನು ಮುದುಕಿಯಾಗಿದ್ದೆ.

ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ಇಡೀ ರಾತ್ರಿ
ಕಣ್ಣಿನ ಪಾಪೆ ನೋಡಿ ನೋಡಿ ಕಳಿಸಿದರು.
ಬರುವಷ್ಟರಲ್ಲಿ ಜುಂಬೆರ್ ಕೋಳಿಗಳನ್ನು ಕೂಡಿಹಾಕಿ,
ಬೂದಿ ಸುರಿದು, ಗುಡಿಸಿ,
ಆ ಬೂದಿಯನ್ನೂ ಗಾಜನ್ನೂ ಪೊರಕೆಯನ್ನೂ ಚೀಲಕ್ಕೆ ಕಟ್ಟಿ
ಎಲ್ಲಿ ಇಡಬೇಕೆಂದು ತಿಳಿಯದೆ ಅಂಗಳದಲ್ಲಿ ಕೂತಿದ್ದ.
ನೀರು ಹೊಡೆದು ತೊಳೆಯಲಿಲ್ಲ. ಬಾವಿ ಹತ್ತು ಹೆಜ್ಜೆಯಲ್ಲಿತ್ತು.

ಮಾರನೆಯ ದಿನ ಪೆಟ್ಟಿಗೆ ಮಾಡಿದ.
ಮೆಕ್ಕೆಜೋಳದ ಕಣಜದಿಂದ ದೂರ, ಕೊಟ್ಟಿಗೆಯ ಆಚೆ ಬದಿಗೆ,
ತಗಡಿನ ಬಾಗಿಲು, ಬೀಗ.
ಒಳಗೆ ಡಬ್ಬಿ ಡಬ್ಬಿಯಾಗಿಯೇ, ಹೆಸರು ಹೆಸರಾಗಿಯೇ.
ಕೀಲಿ ಕೊರಳ ಶಿಲುಬೆಯ ಜೊತೆ ತೂಗಿತು,
ನಡೆದರೆ ಎರಡೂ ತಾಗಿ ಕಿಣಿಕಿಣಿ.
ನನ್ನಲ್ಲಿ ಅವನು ಕೇಳಿದ್ದು ಒಂದೇ:
"ಹುಡುಗನಿಗೆ ಹೇಳಬೇಡ."
ಹೇಳಲಿಲ್ಲ. ಜಿಪುಣಿಯಾದೆ.
ಅವನನ್ನು ಮಣ್ಣಿಗಿಡುವ ದಿನ
ಶಿಲುಬೆ ಅವನಿಗೆ ಬಿಟ್ಟು ಕೀಲಿ ಬಿಚ್ಚಿಕೊಂಡೆ.

ಗೆಳೆಯರು ಹೋದರು. ಗಾಳಿ ನಿಂತಿದೆ.
"ನಾಳೆ ಬೆಳಿಗ್ಗೆ ನಾನೇ ಹೊಡೀತೀನಿ ಅಜ್ಜಿ,
ಗೋಚಾ ತಾತನಿಗೂ ಸ್ವಲ್ಪ ಬೇಕಂತೆ"
ಎನ್ನುತ್ತ ಉಚಾ ಮೇಜಿನ ಮೇಲಿನ ಖಾಲಿ ಸೀಸೆ ತೊಳೆಯುತ್ತಿದ್ದಾನೆ,
ಬೆಳಕಿಗೆ ಹಿಡಿದು, ಚೊಕ್ಕವಾಗಿ.

ಸೀಸೆ ಕೆಳಗಿಡು, ಮಗೂ.
ಕೂತ್ಕೋ.
ಜುಂಬೆರ್, ನೀನು ಆ ಕಡೆ ತಿರುಗಿ ಮಲಗು.